ಹದಿನಾರು ಬಣ್ಣಗಳಲ್ಲಿ ಓಯ್ವಾ

ನಾಲ್ಕು ಚಳಿಗಾಲ ಹರಟಿದ್ದೆವು, ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.
ಓಯ್ವಾ ಕೆಮಿಯಲ್ಲಿ, ಮರದ ದಿಮ್ಮಿಯ ಲಾರಿಗಳನ್ನು
ರಾತ್ರಿಯಿಡೀ ತೂಗುವವನು.
ಹಿಲ್ಕಾ ಔಲುವಿನ ಆಸ್ಪತ್ರೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ನಡುವೆ.
ತೆರ್ತು ಎಲ್ಲಿಯವಳೆಂದು ಕೊನೆವರೆಗೂ ಹೇಳಲಿಲ್ಲ.
ನಾನು ಕಜಾನಿಯ ಬಿಸಿನೀರಿನ ಸ್ಥಾವರದಲ್ಲಿ
ಒತ್ತಡದ ಮುಳ್ಳು ಕಾಯುತ್ತಿದ್ದೆ.
ನಮ್ಮ ಹರಟೆಮನೆಗೆ ಬಾಗಿಲಿತ್ತು, ಕಿಟಕಿ ಇರಲಿಲ್ಲ:
ಅಕ್ಷರ ಮಾತ್ರ ಒಳಗೆ ಬರಬಹುದು,
ಚಿತ್ರವಾದರೆ ಹೊಸಿಲಾಚೆಯೇ ನಿಲ್ಲಬೇಕು.

ಆ ಜನವರಿ ಓಯ್ವಾ ಅಂಚೆಯಲ್ಲಿ ಒಂದು ಫೋಟೋ ಕಳಿಸಿದ.
"ಅಕ್ಷರ ಮಾಡಿ ತೋರಿಸು. ನನ್ನದು ಅನ್ನಬೇಡ.
ನಕ್ಕರೆ ನಗಲಿ."

ಗ್ರಂಥಾಲಯದ ಸ್ಕ್ಯಾನರ್ ಗೊರಕೆ ಹೊಡೆಯುತ್ತ ಅದನ್ನು ನುಂಗಿ ಉಗುಳಿತು.
ಆಮೇಲೆ ಮುಖವನ್ನು ಚೌಕ ಚೌಕ ಕೊಯ್ದೆ,
ಅಡ್ಡಕ್ಕೆ ಅರವತ್ತು, ಉದ್ದಕ್ಕೆ ಮೂವತ್ತೆರಡು.
ಅಮ್ಮ ಕೈಗವಸಿನ ನಮೂನೆ ಎಣಿಸುತ್ತಿದ್ದಳಲ್ಲ,
ಎರಡು ಕೆಂಪು, ಒಂದು ಬಿಳಿ, ತಪ್ಪಿತೋ, ಬಿಚ್ಚು,
ಅದೇ ಗೊಣಗು ನನ್ನ ತುಟಿಯಲ್ಲಿ.

ಚೌಕಕ್ಕೊಂದು ಅಕ್ಷರ, ತೂಗಿ ಕೊಡಬೇಕು.
ಎಂ ಭಾರ. ಎಕ್ಸ್ ಅದಕ್ಕಿಂತ ತುಸು ಕಡಿಮೆ.
ಆಮೇಲೆ ಅಲ್ಪವಿರಾಮ, ಒಂಟಿ ಚುಕ್ಕಿ,
ಕೊನೆಗೆ ಏನೂ ಇಲ್ಲದ ಜಾಗ.
ಕಪ್ಪು ಪರದೆಯ ಮೇಲೆ ಭಾರವೇ ಬೆಳಕು;
ಹಣೆಗೆ ಎಂ ಸುರಿದೆ, ಕಣ್ಣಗುಳಿಗೆ ಚುಕ್ಕಿ ಸಾಕಾಯ್ತು.

ಬಣ್ಣ ಇದ್ದದ್ದು ಹದಿನಾರು.
ಚರ್ಮದ್ದು ಅದರಲ್ಲಿಲ್ಲ.
ಯಾರೋ ಅವಸರದಲ್ಲಿ ಆರಿಸಿದಂತೆ ಎರಡು ಹಸಿರು, ಎರಡು ನೀಲಿ,
ಯಾವ ಮುಖದಲ್ಲೂ ಹುಟ್ಟದ ಒಂದು ಗುಲಾಬಿ.
ಕೆನ್ನೆಗೆ ಕಿತ್ತಳೆ ಹಚ್ಚಿದರೆ ಕುಡುಕ,
ಹಳದಿ ಹಚ್ಚಿದರೆ ಕಾಮಾಲೆ,
ಬರೀ ಬೂದು ಹಚ್ಚಿದೆ. ಬೇಡ ಅನ್ನಿಸಿ ಕೂಡಲೇ ಒರೆಸಿದೆ.
ಕಿತ್ತಳೆಯ ಪಕ್ಕ ಬೂದು, ಬೂದಿನ ಪಕ್ಕ ಕಂದು ಇಟ್ಟು
ಮೂರು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿದರೆ
ಒಬ್ಬ ಮನುಷ್ಯ, ಚಳಿಯಿಂದ ಈಗಷ್ಟೇ ಒಳಗೆ ಬಂದವನು.
ಹತ್ತಿರ ಹೋದರೆ ಮತ್ತೆ ಬರೀ ಅಕ್ಷರ,
ಓದಿದರೆ ಏನೂ ಇಲ್ಲ.

ರಾತ್ರಿ ಎರಡೂವರೆಗೆ ಕಳಿಸತೊಡಗಿದೆ.
ಒಂದೇ ಉಸಿರಿಗೆ ಸುರಿದರೆ ಸರ್ವರ್ ಕತ್ತು ಹಿಡಿದು ಹೊರದಬ್ಬುತ್ತದೆ;
ಸಾಲಿಗೆ ಎರಡು ಸೆಕೆಂಡು ಬಿಡುವು.
ಕಪ್ಪು. ಕಪ್ಪು. ಆಮೇಲೆ ಉಣ್ಣೆಯ ಟೊಪ್ಪಿಗೆಯ ನೀಲಿ.
ಹಿಮದಲ್ಲಿ ಹೂತವನನ್ನು ನೆತ್ತಿಯಿಂದ ಅಗೆದು ತೆಗೆದಂತೆ
ಹುಬ್ಬು ಬಂತು, ಕಣ್ಣು ಬಂದವು,
ಎಡಗಣ್ಣು ಬಲಗಣ್ಣಿಗಿಂತ ಒಂದು ಸಾಲು ಕೆಳಗೆ.

ಮೂಗು ಅರ್ಧ ಇಳಿದಿತ್ತು, ಹಿಲ್ಕಾ ನಡುವೆ ಬಾಯಿ ಹಾಕಿದಳು:
"ಯಾರಪ್ಪ ಇದು, ಬೇಯಿಸಿದ ಬೀಟ್‌ರೂಟು?"
ಆ ಮಾತು ಮೂಗಿಗೆ ಅಡ್ಡ ಬಿದ್ದು ಅಲ್ಲೇ ಉಳಿಯಿತು
ಹಳೇ ಗಾಯದ ಗೆರೆಯ ಹಾಗೆ.
ಅದರ ಕೆಳಗೆ ಇನ್ನೆರಡು ಸಾಲು ಮೂಗು.
ಅದರ ಕೆಳಗೆ, ಮೀಸೆ ಇರಬೇಕಾದಲ್ಲಿ, ಓಯ್ವಾನ ಒಂದೇ ಪದ:
"ನಾನು."

ಕೈ ತಡಬಡಿಸಿತು.
ಉಳಿದದ್ದನ್ನೆಲ್ಲ ಒಟ್ಟಿಗೆ ಸುರಿದೆ, ಸರ್ವರ್ ದಬ್ಬಿತು.
ಮತ್ತೆ ಒಳಗೆ ಬರಲು ಕಾಲು ಗಂಟೆ ಹಿಡಿಯಿತು.
ಅಷ್ಟರಲ್ಲಿ ಅವರು ಏನೇನು ಆಡಿದರೋ,
ಹೊರಗಿದ್ದವರ ಪರದೆಗೆ ಅದು ಬರುವುದಿಲ್ಲ.
"ಗದ್ದ ಎಲ್ಲಿ?" ಎಂದು ತೆರ್ತು ಕೇಳುತ್ತಿದ್ದಳು.
"ಲಾರಿ ಬಂತು" ಎಂದು ಓಯ್ವಾ ಎದ್ದುಹೋದ.

ಏಪ್ರಿಲ್‌ನಲ್ಲಿ ಔಲು ನಿಲ್ದಾಣದಲ್ಲಿ ಅವನು ರೈಲಿಳಿದನಂತೆ.
ಹಿಲ್ಕಾ ಬರೆದಳು: "ಕಣ್ಣಿನಿಂದಲೇ ಗುರುತು ಸಿಕ್ಕಿತು.
ಬಾಯಿವರೆಗೂ ಮಫ್ಲರ್ ಸುತ್ತಿದ್ದ. ತೆಗೆಯಲೇ ಇಲ್ಲ,
ಕಾಫಿ ಬಂದಾಗಲೂ ಒಂದು ಬೆರಳಷ್ಟು ಸರಿಸಿ ಕುಡಿದ.
ಬೀಟ್‌ರೂಟು ಅಲ್ಲ. ಆದರೂ."

ಗದ್ದದ ಒಂಬತ್ತು ಸಾಲು ನನ್ನ ಹತ್ತಿರವೇ ಇವೆ.
ಕಿತ್ತಳೆ, ಬೂದು, ಕಂದು,
ನಡುವೆ ಒಂದು ಕಡೆ, ಯಾವಾಗ ಹಚ್ಚಿದೆನೋ, ಹಸಿರು.